ಪೈಪಿನ ಬಾಯಿಯಿಂದ ನೀರಿನವರೆಗೆ

ಮಾರ್ಚ್ 3

ಪೆನ್ಸಿಲ್,

ಫೋನಿನಲ್ಲಿ ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಎನ್ನುತ್ತಲೇ ಬೇರೆ ಏನನ್ನೋ ಓದುತ್ತಿರುತ್ತೀಯ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯ. ಅದಕ್ಕೇ ಈ ಕಾಗದ. ಇದನ್ನಾದರೂ ಬೇರೆ ಕೆಲಸ ಬಿಟ್ಟು ಓದುತ್ತೀಯ ಅನ್ನುವ ಆಸೆ.

ನೀನು ಇಲ್ಲಿಂದ ಹೋಗಿ ಹನ್ನೆರಡು ವರ್ಷವಾಯಿತು. ಹೆಡ್ಡಾಫೀಸಿನ ಎಂಟನೇ ಮಹಡಿಯಿಂದ ನಮ್ಮ ಸಾಲುಮನೆ ಕಾಣಿಸಲಿಕ್ಕಿಲ್ಲ, ಆದ್ದರಿಂದ ಜ್ಞಾಪಿಸುತ್ತೇನೆ. ಹದಿನಾಲ್ಕು ಮನೆ. ಹನ್ನೊಂದನೆಯದರಲ್ಲಿ ನಾನೂ ಹುಟ್ಟಿದ್ದು, ನೀನೂ ಹುಟ್ಟಿದ್ದು. ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಒಡ್ಡು. ಗಣಿಯಿಂದ ತೆಗೆದು ಬೇಡವೆಂದು ಎಸೆದ ಕಲ್ಲುಮಣ್ಣನ್ನೇ ಪೇರಿಸಿ ಕಟ್ಟಿದ್ದು. ಅದರ ಆಚೆ ರಾಡಿಕೊಳ. ವಾಷರಿಯಲ್ಲಿ ಕಲ್ಲಿದ್ದಲು ತೊಳೆದ ಕಪ್ಪು ರಾಡಿಯನ್ನೆಲ್ಲ ನಿನ್ನ ಭಾವ ಪಂಪು ಹಾಕಿ ಅಲ್ಲಿಗೆ ಏರಿಸುತ್ತಾರೆ. ಅವರು ತುಂಬಿಸುತ್ತಾರೆ, ನಾನು ಅಳೆಯುತ್ತೇನೆ. ಗಂಡ ಹೆಂಡತಿ ಇಬ್ಬರದೂ ಒಂದೇ ಕೊಳದ ಸೇವೆ.

ಪ್ರತಿ ಸೋಮವಾರ ಒಡ್ಡು ಹತ್ತುತ್ತೇನೆ. ಒಡ್ಡಿನ ಹೊಟ್ಟೆಯೊಳಕ್ಕೆ ನೆಟ್ಟಗೆ ಇಳಿಸಿದ ಆರು ಪೈಪು. ಪೈಪಿನ ಬಾಯಿಯಿಂದ ಟೇಪು ಇಳಿಬಿಟ್ಟರೆ ನೀರು ತಾಕಿದ ಕೂಡಲೇ ಅದು ಕುಂಯ್ ಅನ್ನುತ್ತದೆ. ಎಷ್ಟು ಕೆಳಗೆ ಅನ್ನುವುದನ್ನು ಬರೆಯುತ್ತೇನೆ. ಈಗ ಒಂಬತ್ತು ಮೀಟರಿನ ಆಸುಪಾಸು. ಅಂಕಿ ದೊಡ್ಡದಾದಷ್ಟೂ ಒಡ್ಡಿನ ಹೊಟ್ಟೆ ಒಣಗಿದೆ, ಚಿಕ್ಕದಾದಷ್ಟೂ ನಮ್ಮ ಎದೆ ಒಣಗುತ್ತದೆ.

ಈ ತಿಂಗಳು ನಿಮ್ಮ ಕಚೇರಿಯಿಂದ ಹೊಸ ಫಾರ್ಮು ಬಂದಿದೆ. ಆರು ಚೌಕ, ಆರು ಅಂಕಿ. ‘ಷರಾ’ ಅನ್ನುವ ಕಾಲಮ್ಮನ್ನೇ ತೆಗೆದುಬಿಟ್ಟಿದ್ದಾರೆ. ಹಳೇ ಪುಸ್ತಕದಲ್ಲಿ ಮೂರನೇ ಪೈಪಿನ ಬಾಯಿ ಸೊಟ್ಟಗಾಗಿದೆ, ಐದರಲ್ಲಿ ಕಪ್ಪೆ ಬಿದ್ದಿದೆ ಅಂತೆಲ್ಲ ಬರೆಯುತ್ತಿದ್ದೆ. ಗುಮಾಸ್ತರನ್ನು ಕೇಳಿದರೆ, ‘ಕಥೆ ಬೇಡಮ್ಮ, ನಂಬರ್ ಕೊಡಿ ಸಾಕು’ ಅಂದರು. ನಾನು ಹಳೇ ಪುಸ್ತಕದಲ್ಲೂ ಬರೆದಿಡುತ್ತಿದ್ದೇನೆ. ಯಾರೂ ಓದದಿದ್ದರೂ ಕೈಗೆ ಅಭ್ಯಾಸ.

ಹೋದ ಸಲ ಬಂದಾಗ ಹಿತ್ತಲಲ್ಲಿ ನಿಂತು ಹೇಳಿದ್ದೆಯಲ್ಲ, ರಾಡಿಯನ್ನು ಹಿಂಡಿ ಒಣಗಿಸುವ ಯಂತ್ರ ಬರುತ್ತದೆ, ಕೊಳವೇ ಬೇಕಾಗುವುದಿಲ್ಲ ಅಂತ. ಪಕ್ಕದ ಮನೆ ದರ್ಜಿಯಮ್ಮ ದಿನಾ ನನ್ನ ತಲೆ ತಿನ್ನುತ್ತಾಳೆ, ‘ನಿನ್ ತಮ್ಮನ ಮಿಷನ್ನು ಎಲ್ಲಿಗ್ ಬಂತೇ?’ ಅಂತ. ಎಲ್ಲಿಗೆ ಬಂತು ಮಾರಾಯ?

ಅಕ್ಕ


ಮಾರ್ಚ್ 19

ಅಕ್ಕಾ,

ಎರಡೂ ಕೈಯಲ್ಲಿ ಹಿಡಿದು ಓದಿದೆ, ಆಣೆ.

ನೀನು ಬೈದ ಆ ಫಾರ್ಮು ಮಾಡಿದ್ದು ನಾನೇ. ನಮ್ಮ ಕೈಕೆಳಗೆ ಹದಿನೇಳು ಗಣಿಗಳಿವೆ, ಹದಿನೇಳು ಒಡ್ಡುಗಳು. ಎಲ್ಲ ಕಡೆಯಿಂದಲೂ ಷರಾ ಬರುತ್ತಿತ್ತು. ಒಬ್ಬರು ಹವಾಮಾನ ಬರೆಯುತ್ತಾರೆ, ಒಬ್ಬರು ಮೇಲಧಿಕಾರಿಯ ಮೇಲೆ ದೂರು ಬರೆಯುತ್ತಾರೆ, ಒಬ್ಬಳು ಕಪ್ಪೆ ಬರೆಯುತ್ತಾಳೆ. ಕಂಪ್ಯೂಟರಿಗೆ ಕಪ್ಪೆ ಅರ್ಥವಾಗುವುದಿಲ್ಲ. ಬರೀ ಅಂಕಿಯಿದ್ದರೆ ಹದಿನೇಳನ್ನೂ ಒಂದೇ ಪರದೆಯ ಮೇಲೆ ನೋಡಬಹುದು. ಅದಕ್ಕೆ ನನಗೆ ಇಲ್ಲಿ ಶಹಬ್ಬಾಸ್‌ಗಿರಿಯೂ ಸಿಕ್ಕಿತು, ನೀನೊಬ್ಬಳು ಬಾಕಿ.

ಯಂತ್ರದ ವಿಷಯ. ಅದರ ಹೆಸರು ಫಿಲ್ಟರ್ ಪ್ರೆಸ್. ನೀನು ದಪ್ಪ ಹೊದಿಕೆ ಒಗೆದಾಗ ಭಾವ ಒಂದು ತುದಿ, ನೀನೊಂದು ತುದಿ ಹಿಡಿದು ಹಿಂಡುತ್ತೀರಲ್ಲ, ಹಾಗೇ. ಬಟ್ಟೆಯ ಪರದೆಗಳ ನಡುವೆ ರಾಡಿಯನ್ನು ಇಟ್ಟು ಒತ್ತಿದರೆ ನೀರು ವಾಷರಿಗೇ ವಾಪಸು ಹೋಗುತ್ತದೆ, ಒಣ ಹೆಂಟೆ ಉಳಿಯುತ್ತದೆ. ಅದನ್ನು ಪೇರಿಸಿ, ರೋಲರು ಹೊಡೆದು, ಮೇಲೆ ಹುಲ್ಲು ಬೆಳೆಸಬಹುದು. ಹೆಂಟೆ ಒಡೆದು ಹರಿದು ಯಾರ ಮನೆಗೂ ನುಗ್ಗುವುದಿಲ್ಲ.

ಈ ವರ್ಷ ಒಂದೇ ಯಂತ್ರ. ಯಾವ ಗಣಿಗೆ ಎಂದು ಸಮಿತಿ ಜೂನ್ ಕೊನೆಗೆ ತೀರ್ಮಾನಿಸುತ್ತದೆ. ನಮ್ಮ ಮನೆ ಅಲ್ಲಿದೆ ಎಂದು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಂಕಿಗಳೇ ಮಾತಾಡಬೇಕು. ನೀನು ಒಂದು ಸೋಮವಾರವೂ ತಪ್ಪಿಸದೆ ಅಳೆ. ದರ್ಜಿಯಮ್ಮನಿಗೆ ಹೇಳು, ಮಿಷನ್ನು ಹೊರಟಿದೆ ಅಂತ.

ನಿನ್ನ ಪೆನ್ಸಿಲ್


ಜೂನ್ 8

ಪೆನ್ಸಿಲ್,

ಮೂರು ತಿಂಗಳು ಬರೆಯಲಾಗಲಿಲ್ಲ. ಇಲ್ಲಿ ಧೂಳೋ ಧೂಳು. ಕೊಳ ತುಂಬಿಹೋಯಿತು ಅಂತ ಒಡ್ಡನ್ನು ಮೂರು ಮೀಟರು ಎತ್ತರಿಸಿದರು. ಇಪ್ಪತ್ತು ದಿನದಲ್ಲಿ ಮುಗಿಸಿಬಿಟ್ಟರು. ಟೋಪಿ ಖುದ್ದಾಗಿ ನಿಂತು ಮಾಡಿಸಿದ. ಟೋಪಿ ಯಾರು ಅಂದೆಯಾ? ನಮ್ಮ ಹೊಸ ಮ್ಯಾನೇಜರು. ಹೆಲ್ಮೆಟ್ಟನ್ನು ಕಚೇರಿಯೊಳಗೂ ತೆಗೆಯುವುದಿಲ್ಲ, ಮಲಗುವಾಗ ತೆಗೆಯುತ್ತಾನೋ ಅವನ ಹೆಂಡತಿಯನ್ನೇ ಕೇಳಬೇಕು. ಲಾರಿಯವರು ಸುರಿದುಹೋದರು, ಸರಿಯಾಗಿ ರೋಲರು ಹೊಡೆಯಲೂ ಇಲ್ಲ ಅಂತ ನಿನ್ನ ಭಾವ ಗೊಣಗುತ್ತಾರೆ.

ಪೈಪುಗಳಿಗೂ ಒಂದೊಂದು ತುಂಡು ಜೋಡಿಸಿದರು. ನನ್ನ ಹಳೇ ಟೇಪು ಕೊನೆಕೊನೆಗೆ ಎಳೆದಾಡುವಂತಾಗಿತ್ತು, ಹೊಸದು ಕೊಟ್ಟಿದ್ದಾರೆ. ಹಳದಿ ಬಣ್ಣ, ಚೆನ್ನಾಗಿದೆ. ಈಗ ಹತ್ತೂವರೆ ಬರುತ್ತಿದೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಅಂದುಕೊಂಡಿದ್ದೆ. ದರ್ಜಿಯಮ್ಮನ ಹಿತ್ತಲ ಗೋಡೆಯ ಬುಡ ಸದಾ ಒದ್ದೆ. ಚಪ್ಪಲಿ ಊರಿದರೆ ಹೂತುಕೊಳ್ಳುತ್ತದೆ. ಬಚ್ಚಲ ನೀರೇ ಇರಬೇಕು, ಅವಳ ಬಚ್ಚಲ ಮೋರಿ ಯಾವತ್ತೂ ನೆಟ್ಟಗಿದ್ದದ್ದಿಲ್ಲ. ನೀನು ಅಷ್ಟು ದೂರದಲ್ಲಿ ಕೂತು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ.

ಸಮಿತಿ ಕೂತಿತೇ?

ಅಕ್ಕ


ಜುಲೈ 2

ಅಕ್ಕಾ,

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಒಡ್ಡಿನೊಳಗಿನ ನೀರು ಒಂದೂವರೆ ಮೀಟರು ಇಳಿದಿದೆ. ಮಾರ್ಚಿನಲ್ಲಿ ಒಂಬತ್ತು, ಈಗ ಹತ್ತೂವರೆ. ಆರು ಪೈಪಿನಲ್ಲೂ ಹಾಗೇ. ಹದಿನೇಳರಲ್ಲಿ ಇಷ್ಟು ಚೆನ್ನಾಗಿ ಒಣಗುತ್ತಿರುವ ಒಡ್ಡು ಇನ್ನೊಂದಿಲ್ಲ.

ಅದರಿಂದಲೇ ಇನ್ನೊಂದು ಸುದ್ದಿಯೂ ಬಂತು. ಅಂಕಿಗಳನ್ನು ನೋಡಿ ಸಮಿತಿಯವರು ಯಂತ್ರವನ್ನು ಈ ಸಲ ಬೇರೆ ಗಣಿಗೆ ಕಳಿಸಲು ತೀರ್ಮಾನಿಸಿದರು. ಅಲ್ಲಿ ನೀರು ಏರುತ್ತಿದೆ. ನಿಮ್ಮದು ಎರಡು ವರ್ಷ ಬಿಟ್ಟು. ಬೇಸರ ಮಾಡಿಕೊಳ್ಳಬೇಡ. ಹೆಚ್ಚು ಕಾಯಿಲೆಯಿದ್ದವರಿಗೆ ಮೊದಲು ಮದ್ದು, ಅಷ್ಟೇ.

ಮೋರಿ ರಿಪೇರಿ ಮಾಡಿಸಿಕೊಳ್ಳಲು ದರ್ಜಿಯಮ್ಮನಿಗೆ ಹೇಳು. ಹಳದಿ ಟೇಪನ್ನು ಜೋಪಾನವಾಗಿಟ್ಟುಕೋ, ಅಂಥದ್ದು ನಮ್ಮ ಕಚೇರಿಯಲ್ಲೂ ಇಲ್ಲ. ನೀವೆಲ್ಲ ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಿ.

ನಿನ್ನ ಪೆನ್ಸಿಲ್


ಜುಲೈ 11

ತಮ್ಮನಿಗೆ,

ಕಾಗದ ತಲುಪಿತು. ಅಳೆಯುವವಳು ನಾನು, ನೀರು ಇಳಿದಿದೆ ಅಂತ ನನಗೇ ಹೇಳುವವನು ನೀನು. ಹೆಡ್ಡಾಫೀಸಿನ ನೀರು ಬೇರೆಯೇ ಇರಬೇಕು.

ನನಗೆ ಸಮಾಧಾನ ಹೇಳುವುದಕ್ಕೆ ಇಷ್ಟು ಕಷ್ಟಪಟ್ಟು ಸುಳ್ಳು ಹೊಸೆಯಬೇಕಿರಲಿಲ್ಲ. ‘ಅಕ್ಕಾ, ನನ್ನ ಮಾತು ನಡೆಯಲಿಲ್ಲ’ ಅಂದಿದ್ದರೆ ನಾನೇನು ನಿನ್ನನ್ನು ಹೊಡೆಯುತ್ತಿದ್ದೆನೇ? ದರ್ಜಿಯಮ್ಮನ ಮುಖ ನೋಡಲಾಗದೆ ಎರಡು ದಿನ ಹಿತ್ತಲಿಗೆ ಹೋಗಲಿಲ್ಲ.

ನಿನ್ನ ಭಾವ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ಇನ್ನು ಬರೆಯುವುದೇನೂ ಇಲ್ಲ.

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ಎರಡು ತಿಂಗಳಿಂದ ನಿನ್ನ ಸುಳಿವಿಲ್ಲ. ಜುಲೈನ ಆ ಚುಚ್ಚುಮಾತಿಗೆ ಉತ್ತರ ಬರೆಯಲು ನನಗೂ ಮನಸ್ಸಾಗಲಿಲ್ಲ, ನಿಜ. ಆದರೆ ಭಾವ ಪಂಪು ನಿಲ್ಲಿಸಿದರು ಅನ್ನುವುದನ್ನು ನಾನು ಕಚೇರಿಯ ಸುತ್ತೋಲೆಯಲ್ಲಿ ಓದಬೇಕೇ? ‘ಪಂಪು ನಿರ್ವಾಹಕನು ಯಾವುದೇ ಆಧಾರವಿಲ್ಲದೆ, ಹೆಂಡತಿಯ ಮಾತು ಕೇಳಿ’ ಎಂದು ಬರೆದಿದ್ದಾರೆ. ಎಲ್ಲರೂ ಓದಿ ನಕ್ಕರು. ನಾನೂ ನಗುವವನ ಹಾಗೆ ಕೂತಿದ್ದೆ.

ನಾಲ್ಕು ದಿನ ವಾಷರಿ ನಿಂತಿದೆ. ತೂಬು ಎತ್ತಿ ಹಳ್ಳಕ್ಕೆ ಕಪ್ಪು ನೀರು ಬಿಟ್ಟಿದ್ದೂ ಸೇರಿ ಎರಡು ಆರೋಪ. ವಿಚಾರಣೆಗೆ ಒಡ್ಡಿನ ಸ್ಥಿತಿ ಕುರಿತು ಅಭಿಪ್ರಾಯ ಕೊಡಿ ಎಂದು ನಮ್ಮ ವಿಭಾಗವನ್ನು ಕೇಳಿದ್ದಾರೆ. ಅಂದರೆ ನನ್ನನ್ನು. ನನ್ನ ಮುಂದೆ ನಿನ್ನ ಅಂಕಿಗಳೇ ಇವೆ, ಒಂದೊಂದೂ ಒಡ್ಡು ಒಣಗಿದೆ ಎನ್ನುತ್ತಿವೆ. ಯಾಕೆ ಮಾಡಿದಿರಿ? ಯಾರ ಮೇಲಿನ ಸಿಟ್ಟಿಗೆ?

ನಿನ್ನ ತಮ್ಮ


ಸೆಪ್ಟೆಂಬರ್ 20

ತಮ್ಮನಿಗೆ,

ಸಿಟ್ಟಿಗಲ್ಲ. ಹೇಳುತ್ತೇನೆ, ಕೇಳು.

ಎಂಟನೇ ತಾರೀಕು, ಸೋಮವಾರ ಬೆಳಿಗ್ಗೆ ಅಳತೆಗೆ ಹೊರಟಿದ್ದೆ. ದರ್ಜಿಯಮ್ಮ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಓಡಿಬಂದಳು. ‘ನೆಲ ಕುದೀತಾ ಇದೆ ಬಾರೇ’ ಅಂದಳು. ಹೋಗಿ ನೋಡಿದೆ. ಗೋಡೆಯ ಬುಡದಲ್ಲಿ ಮುಷ್ಟಿಗಾತ್ರದ ಮೂರು ಕಡೆ ನೀರು ಗುಳುಗುಳು ಅಂತ ಎದ್ದು ಬರುತ್ತಿತ್ತು. ಕಪ್ಪಗೆ. ಅಪ್ಪ ಹೇಳುತ್ತಿದ್ದದ್ದು ನಿನಗೂ ಗೊತ್ತು. ಬುಡದಲ್ಲಿ ತಿಳಿನೀರು ಬಂದರೆ ಒಡ್ಡು ಬೆವರುತ್ತಿದೆ, ಕಪ್ಪಗೆ ಬಂದರೆ ಒಡ್ಡಿನ ಹೊಟ್ಟೆಯೇ ಕರಗಿ ಬರುತ್ತಿದೆ. ನಾಲ್ಕನೇ ಪೈಪಿಗೆ ಟೇಪು ಬಿಟ್ಟೆ. ಎಂಟಕ್ಕೇ ಕುಂಯ್ ಅಂತು. ಹಿಂದಿನ ವಾರ ಹತ್ತು ಇತ್ತು. ಅವತ್ತಿನ ಗಡಿಬಿಡಿಯಲ್ಲಿ ಆ ಅಂಕಿಯನ್ನು ಫಾರ್ಮಿಗೆ ಬರೆಯಲೇ ಇಲ್ಲ.

ಒಡ್ಡಿನ ಬುಡದಲ್ಲಿರುವ ಪಂಪ್‌ಹೌಸಿಗೆ ಓಡಿದೆ. ನಿನ್ನ ಭಾವ ಒಂದೇ ಪ್ರಶ್ನೆ ಕೇಳಿದರು, ‘ಕಪ್ಪಗಾ?’ ಅಂತ. ಹೂಂ ಅಂದೆ. ಪಂಪು ಆರಿಸಿದರು. ಹೋಗಿ ತೂಬನ್ನು ಪೂರ್ತಿ ಎತ್ತಿದರು. ಆಮೇಲೆ ಇಬ್ಬರೂ ಮನೆಮನೆಗೆ ಹೋಗಿ ಎಲ್ಲರನ್ನೂ ರಸ್ತೆಗೆ ಹೊರಡಿಸಿದೆವು. ಟೋಪಿ ಜೀಪಿನಲ್ಲಿ ಬಂದವನೇ, ‘ಯಾರನ್ ಕೇಳಿ ನಿಲ್ಸಿದ್ರಿ?’ ಅಂತ ಹಾರಾಡಿದ. ‘ಕೇಳೋಕೆ ಟೈಮಿರ್ಲಿಲ್ಲ ಸಾರ್’ ಅಂದರು ನಿನ್ನ ಭಾವ. ಸಂಜೆಯ ಹೊತ್ತಿಗೆ ಕೊಳ ಒಂದಾಳು ಇಳಿಯಿತು. ಬುಡದ ನೀರು ತಿಳಿಯಾಯಿತು. ಆಮೇಲೆ ನಿಂತೇಹೋಯಿತು.

ಒಡ್ಡು ಒಡೆಯಲಿಲ್ಲ. ಅದೇ ನಮ್ಮ ತಪ್ಪು. ಒಡೆದು ನಾಲ್ಕು ಹೆಣ ಬಿದ್ದಿದ್ದರೆ ನಿನ್ನ ಭಾವನಿಗೆ ಹಾರ ಹಾಕುತ್ತಿದ್ದರು. ಈಗ ಗಟ್ಟಿಮುಟ್ಟಾಗಿ ನಿಂತಿದೆಯಲ್ಲ, ‘ಏನಾಯ್ತು ತೋರಿಸಿ’ ಅನ್ನುತ್ತಾರೆ. ಆಗದೇ ಇದ್ದದ್ದನ್ನು ಎಲ್ಲಿಂದ ತಂದು ತೋರಿಸುವುದು?

ಒಡ್ಡು ಒಣಗಿದೆ ಅಂತ ಈಗಲೂ ಬರೆದಿದ್ದೀಯ. ಜುಲೈನಲ್ಲಿ ನೀನು ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೀಯ ಅಂದುಕೊಂಡಿದ್ದೆ. ಈ ಕಾಗದ ಓದಿದ ಮೇಲೆ ಗೊತ್ತಾಯಿತು, ನೀನು ನಿಜವಾಗಿಯೂ ನಂಬಿದ್ದೀಯ. ಅಯ್ಯೋ ಹುಚ್ಚಾ, ಒಡ್ಡು ಎತ್ತರಿಸಿದಾಗ ಪೈಪಿನ ಬಾಯಿಯೂ ಮೂರು ಮೀಟರು ಮೇಲೆ ಹೋಯಿತು. ನಾನು ಅಳೆಯುವುದು ಬಾಯಿಯಿಂದ. ನೀರು ಇದ್ದಲ್ಲೇ ಇದ್ದಿದ್ದರೆ ಒಂಬತ್ತು ಹೋಗಿ ಹನ್ನೆರಡು ಬರಬೇಕಿತ್ತು. ಬಂದದ್ದು ಹತ್ತೂವರೆ. ಅಂದರೆ ಒಂದೂವರೆ ಮೀಟರು ಏರಿದೆ. ಇದನ್ನು ಇಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ, ಒಡ್ಡಿನ ಮೇಲೆ ನಿಂತವರಿಗೆ ಕಣ್ಣಿಗೇ ಕಾಣುತ್ತದೆ. ನನ್ನ ಹಳೇ ಪುಸ್ತಕದ ಷರಾದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ನಿನಗೂ ಜೂನಿನಲ್ಲಿ ಬರೆದೆ. ನೀನು ಟೇಪಿನ ಬಣ್ಣ ಓದಿದೆ.

ಈಗಲಾದರೂ ಬಂದು ಈ ಮಾತನ್ನು ವಿಚಾರಣೆಯಲ್ಲಿ ಹೇಳು. ಅದೊಂದೇ ಸಾಕು. ನಿನ್ನ ಭಾವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ದಿನವಿಡೀ ಹಿತ್ತಲ ಬಾಗಿಲಲ್ಲಿ ಒಡ್ಡು ನೋಡುತ್ತಾ ಕೂತಿರುತ್ತಾರೆ.

ಅಕ್ಕ


ಅಕ್ಟೋಬರ್ 1

ಅಕ್ಕಾ,

ನಿನ್ನ ಜೂನ್ ಕಾಗದ ತೆಗೆದು ಓದಿದೆ. ‘ಪೈಪುಗಳಿಗೂ ಒಂದೊಂದು ತುಂಡು ಜೋಡಿಸಿದರು.’ ಅದರ ಮುಂದಿನ ಹಳದಿ ಟೇಪಿನ ಸಾಲಿಗೆ ನಾನು ನಕ್ಕಿದ್ದು ನೆನಪಿದೆ. ಒಡ್ಡು ಎತ್ತರಿಸುವ ಅನುಮತಿ ಮುಂದಿನ ವರ್ಷಕ್ಕಿತ್ತು, ಟೋಪಿ ಮೊದಲೇ ಮಾಡಿಬಿಟ್ಟಿದ್ದಾನೆ ಎಂದು ನಮ್ಮ ಕಡತದಲ್ಲಿ ಇರಲಿಲ್ಲ. ಇದೆಲ್ಲ ಸಬೂಬು. ಗಣಿಯ ಸಾಲುಮನೆಯಲ್ಲಿ ಬೆಳೆದವನು, ನನಗೆ ಹೊಳೆಯಬೇಕಿತ್ತು. ಮೂರು ಮೀಟರು ಕಳೆದು ಎಲ್ಲ ಅಂಕಿಗಳನ್ನೂ ಮತ್ತೆ ಬರೆದು ನೋಡಿದೆ. ನೀನು ಹೇಳಿದ್ದೇ ಸರಿ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಸಮಿತಿಯವರು ತೀರ್ಮಾನಿಸಿದರು ಎಂದು ಬರೆದಿದ್ದೆ. ನಿಮ್ಮ ಗಣಿಯನ್ನು ಮುಂದಕ್ಕೆ ಹಾಕಬಹುದು ಎಂದು ಬರೆದುಕೊಟ್ಟವನು ನಾನು. ಸ್ವಂತ ಮನೆಗೆ ಯಂತ್ರ ಎಳೆದುಕೊಂಡ ಎನ್ನುತ್ತಾರೆಂದು ಹೆದರಿ, ನಿಮ್ಮ ಅಂಕಿ ಚೆನ್ನಾಗಿ ಕಂಡ ಕೂಡಲೇ ಅವಸರದಿಂದ ಬರೆದೆ. ಸಮಿತಿ ಬರೀ ತಲೆಯಾಡಿಸಿತು.

ಈಗ ಕೇಳು. ಫಾರ್ಮು ತಪ್ಪು, ಅಂಕಿ ತಪ್ಪು ಎಂದು ನಾನು ವಿಚಾರಣೆಯಲ್ಲಿ ಹೇಳಿದರೆ ಹದಿನೇಳು ಗಣಿಯ ಲೆಕ್ಕವೂ ಬಿದ್ದುಹೋಗುತ್ತದೆ, ನಾನೂ ಹೋಗುತ್ತೇನೆ. ನಾನು ಹೋದರೆ ಯಂತ್ರದ ಮಾತೆತ್ತುವವರು ಈ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ಅದರ ಬದಲು ವಿಚಾರಣೆ ಸದ್ದಿಲ್ಲದೆ ಮುಗಿದರೆ, ಸರಿಪಡಿಸಿದ ಅಂಕಿ ತೋರಿಸಿ ನಿಮಗೇ ಎರಡನೇ ಯಂತ್ರ ಕೊಡಿಸುತ್ತೇನೆ. ಮೇಲಿನವರ ಹತ್ತಿರ ಮಾತಾಡಿದ್ದೇನೆ. ‘ಗಾಬರಿಯಿಂದ ಮಾಡಿದೆ, ಕ್ಷಮಿಸಿ’ ಎಂದು ಭಾವ ಬರೆದುಕೊಟ್ಟರೆ ಕೆಲಸವೂ ಉಳಿಯುತ್ತದೆ. ನಿನಗೆ ಬೇಕಾದ್ದು ಸತ್ಯವೋ ಯಂತ್ರವೋ ಎಂದು ಕೇಳುವ ಸ್ಥಿತಿಗೆ ಬಂದಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ.

ನಿನ್ನ ತಮ್ಮ


ಅಕ್ಟೋಬರ್ 12

ತಮ್ಮನಿಗೆ,

ಬರೆದುಕೊಟ್ಟರು.

ಮೂರು ದಿನ ಒಪ್ಪಲಿಲ್ಲ. ‘ನಾನ್ ಗಾಬರಿ ಆಗಿರ್ಲಿಲ್ಲ ಕಣೇ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ನೆಟ್ಟಗೆ ಯಾವತ್ತೂ ಕೆಲಸ ಮಾಡಿರ್ಲಿಲ್ಲ’ ಅಂದರು. ಅದು ನನಗೂ ಗೊತ್ತು. ಆದರೂ ಹದಿನಾಲ್ಕು ಮನೆ ಅಂತ ನಾನೇ ಹಿಂದೆ ಬಿದ್ದೆ. ಹೆದರಿದ್ದವಳು ನಾನು, ಹೆದರಿದೆ ಅಂತ ಬರೆದುಕೊಟ್ಟವರು ಅವರು. ಸಹಿ ಮಾಡಿ ಪೆನ್ನು ಮುಚ್ಚಿ, ‘ನಿನ್ ತಮ್ಮನಿಗೆ ಹೇಳು, ಮಿಷನ್ನು ಬರ್ಲಿ’ ಅಂದರು. ನಿನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸತ್ಯವೋ ಯಂತ್ರವೋ ಅಂತ ಕೇಳಿದ್ದೆಯಲ್ಲ. ಯಂತ್ರ ಕಳಿಸು.

ಅಕ್ಕ


ಜನವರಿ 15

ಅಕ್ಕಾ,

ಮಂಜೂರಾಯಿತು. ಆದೇಶ ನನ್ನ ಮೇಜಿನ ಮೇಲಿದೆ, ನಾಲ್ಕು ಸಲ ಓದಿದೆ. ವರ್ಷದೊಳಗೆ ಪ್ರೆಸ್ ಬರುತ್ತದೆ. ಕೊಳಕ್ಕೆ ರಾಡಿ ಬಿಡುವುದು ನಿಲ್ಲುತ್ತದೆ, ಮೇಲಿನ ನೀರನ್ನು ಬಸಿದು ಒಡ್ಡಿಗೆ ಆಸರೆ ಕಟ್ಟುತ್ತಾರೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ.

ಭಾವನ ಸುದ್ದಿ ತಿಳಿಯಿತು. ಕ್ಷಮಾಪಣೆಯನ್ನೇ ತಪ್ಪೊಪ್ಪಿಗೆ ಎಂದು ಹಿಡಿದು ಕೆಲಸದಿಂದ ತೆಗೆಯುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಅದು, ಕೇಳಲು ಹೋದರೆ ಯಾರೂ ಕೊಟ್ಟವರಿಲ್ಲ. ಕ್ಷಮಿಸು ಎನ್ನಲು ಮುಖವಿಲ್ಲ.

ಒಣ ಹೆಂಟೆ ಪೇರಿಸಲು ವಾಷರಿಯ ಹತ್ತಿರ ಸಮತಟ್ಟಾದ ಜಾಗ ಬೇಕಾಗುತ್ತದೆ. ಹೆಂಟೆ ಸಾಗಿಸುವ ಬೆಲ್ಟು ತಲುಪುವ ದೂರದಲ್ಲಿ ಅಂಥ ಜಾಗ ಒಂದೇ ಇದೆ. ಸಾಲುಮನೆಯವರಿಗೆ ಬೇರೆ ಕಡೆ ಹೊಸ ಮನೆಗಳನ್ನು ಕೊಡುತ್ತಾರೆ. ನಲ್ಲಿ, ಕರೆಂಟು ಎಲ್ಲ ಇದೆಯಂತೆ. ಸರ್ವೆಯವರು ಬರುತ್ತಾರೆ. ಒಡ್ಡಿನ ನೆರಳಿನಿಂದ ದೂರ ಹೋಗುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಅಲ್ಲವೇ?

ನಿನ್ನ ತಮ್ಮ


ಏಪ್ರಿಲ್ 2

ಇಂಜಿನಿಯರ್ ಸಾಹೇಬರಿಗೆ,

ಸಾಮಾನು ಕಟ್ಟಿಯಾಯಿತು. ನಾಳೆ ಲಾರಿ ಬರುತ್ತದೆ.

ಸರ್ವೆಯವನು ಒಳ್ಳೆಯ ಮನುಷ್ಯ. ನೀರು ಕೇಳಿ ಕುಡಿದು, ನಕ್ಷೆಯನ್ನು ನಮ್ಮ ಕಟ್ಟೆಯ ಮೇಲೇ ಹಾಸಿದ. ಮೂಲೆಯಲ್ಲಿ ನಿಮ್ಮ ಸಹಿ ಇತ್ತು. ಚೆನ್ನಾಗಿ ಬರೆದಿದ್ದೀರಿ, ಸಣ್ಣವನಿದ್ದಾಗಲೂ ಪೆನ್ಸಿಲ್ ಹಿಡಿದರೆ ಗೆರೆ ಸೊಟ್ಟ ಹೋಗುತ್ತಿರಲಿಲ್ಲ. ಹದಿನಾಲ್ಕು ಮನೆಯ ಮೇಲೆ ಒಂದೇ ಚೌಕ. ‘ಬೇರೆ ಜಾಗಾನೇ ಇರ್ಲಿಲ್ವಾ?’ ಅಂತ ನಿನ್ನ ಭಾವ ಕೇಳಿದರು. ‘ಇತ್ತಲ್ಲ, ಹಳೇ ಗಣಿ ಗುಂಡಿ. ಅಲ್ಲಿಗೆ ಬೆಲ್ಟು ಎರಡರಷ್ಟು ಉದ್ದ ಬೇಕಿತ್ತು. ಹೆಡ್ಡಾಫೀಸಲ್ಲಿ ಅದನ್ನ ತೆಗೆದುಹಾಕಿದ್ರು’ ಅಂದ. ನಾನು ಪಾತ್ರೆ ಒರೆಸುತ್ತಿದ್ದೆ, ಒರೆಸುತ್ತಲೇ ಇದ್ದೆ.

ಗುಂಡಿ ಅಂದಿದ್ದರೆ ಸಮಿತಿ ಯಂತ್ರವನ್ನೇ ಬೇಡ ಅನ್ನುತ್ತಿತ್ತು ಅಂತ ನೀನು ಬರೆಯುತ್ತೀಯ, ನನಗೆ ಗೊತ್ತು. ಬರೆಯಬೇಡ. ಯಂತ್ರ ಬರಲಿ, ಆ ಕೊಳ ಸಾಯಲಿ. ಅದಕ್ಕೋಸ್ಕರ ಮನೆಯೂ ಹೋಗಲಿ ಅಂತ ಇಲ್ಲಿ ಎಲ್ಲರಿಗೂ ನಾನೇ ಹೇಳಿ ಒಪ್ಪಿಸಿದ್ದೇನೆ. ದರ್ಜಿಯಮ್ಮ ಹೊಲಿಗೆ ಮಿಷನ್ನನ್ನು ಲಾರಿಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಾಳಂತೆ. ಹೊಸ ಜಾಗದಲ್ಲಿ ಅವಳ ಗಿರಾಕಿಗಳು ಯಾರು ಅಂತ ನನ್ನನ್ನು ಕೇಳಿದಳು. ನಾನೇನು ಹೇಳಲಿ?

ಹೊಸ ವಿಳಾಸ ನಿಮ್ಮ ಕಡತದಲ್ಲೇ ಇರಬೇಕು.

ಅಕ್ಕ


ಜುಲೈ 28

ಅಕ್ಕಾ,

ಈ ಕಾಗದವನ್ನು ಮೂರು ಸಲ ಹರಿದುಹಾಕಿದೆ.

ಮನೆಗಳನ್ನು ಕೆಡವಿದ ಮೇಲೆ ನಿಯಮದ ಪ್ರಕಾರ ಒಡ್ಡಿನ ಅಪಾಯದ ವರ್ಗವನ್ನು ಮತ್ತೆ ಲೆಕ್ಕ ಹಾಕಿದರು. ಒಡ್ಡಿನ ಕೆಳಗೆ ಈಗ ಜನವಸತಿಯಿಲ್ಲ. ಆದ್ದರಿಂದ ಮೊದಲನೇ ವರ್ಗದಲ್ಲಿದ್ದದ್ದು ನಾಲ್ಕನೇ ವರ್ಗಕ್ಕೆ ಇಳಿದಿದೆ. ನಾಲ್ಕನೇ ವರ್ಗಕ್ಕೆ ಪ್ರೆಸ್ ಅಗತ್ಯವಿಲ್ಲ ಎಂದು ಸಮಿತಿ ಹೇಳಿತು. ಯಂತ್ರ ಬೇರೆ ಗಣಿಗೆ ಹೊರಟಿದೆ. ಕೊಳ ಮುಂದುವರಿಯುತ್ತದೆ. ಸಾಲುಮನೆಯ ಜಾಗ ಖಾಲಿಯಿರುವುದರಿಂದ ಒಡ್ಡಿನ ಬುಡವನ್ನು ಅಲ್ಲಿಯವರೆಗೆ ಚಾಚಿ ಇನ್ನೂ ಮೂರು ಮೀಟರು ಎತ್ತರಿಸುತ್ತಾರೆ.

ನಾನು ವಿರೋಧಿಸಿದೆ. ಸಭೆಯ ಟಿಪ್ಪಣಿಯಲ್ಲಿ ನನ್ನ ವಿರೋಧ ದಾಖಲಾಗಿದೆ. ಅಧ್ಯಕ್ಷರು ಕೇಳಿದರು, ‘ಕೆಳಗಡೆ ಯಾರಿದ್ದಾರ್ರೀ ಈಗ?’ ಎಂದು. ನನ್ನ ಹತ್ತಿರ ಉತ್ತರವಿರಲಿಲ್ಲ.

ಒಂದು ಮಾತ್ರ ನಿಜ. ನೀವು ಹದಿನಾಲ್ಕು ಮನೆಯವರೂ ಈಗ ಅದರಿಂದ ದೂರವಿದ್ದೀರಿ. ಇನ್ನು ನಿಮಗೆ ಭಯವಿಲ್ಲ. ಮೊದಲಿನಿಂದಲೂ ನಾನು ಬಯಸಿದ್ದು ಅದನ್ನೇ, ಇದೊಂದನ್ನಾದರೂ ನಂಬು.

ನಿನ್ನ ತಮ್ಮ


ಆಗಸ್ಟ್ 5

ನಿನ್ನ ಕಾಗದ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ನಿನ್ನ ಭಾವ ಓದಿ, ಮಡಿಚಿಟ್ಟು, ಹೊರಗೆ ಹೋಗಿ ಕೂತರು. ಇಲ್ಲಿ ಹಿತ್ತಲಿಲ್ಲ. ಎದುರಿಗೆ ಇನ್ನೊಬ್ಬರ ಗೋಡೆ. ಈ ಊರಲ್ಲಿ ಪಂಪೂ ಇಲ್ಲ, ಅವರ ಕೈಗೆ ಕೆಲಸವೂ ಇಲ್ಲ.

ಸಾಲುಮನೆಯವರಿಗೆಲ್ಲ ನಾನೇ ಓದಿ ಹೇಳಿದೆ. ಬಚ್ಚಿಡುವುದರಲ್ಲಿ ನಿನ್ನಷ್ಟು ಪಳಗಿಲ್ಲ. ಯಾರೂ ಕಿರುಚಾಡಲಿಲ್ಲ. ದರ್ಜಿಯಮ್ಮ ಮಾತ್ರ, ‘ನಾವು ಅಲ್ಲೇ ಇದ್ದಿದ್ರೆ ಮಿಷನ್ನು ಬರ್ತಿತ್ತಾ?’ ಅಂತ ಕೇಳಿದಳು. ಹೂಂ ಅಂದೆ. ‘ಹಂಗಾದ್ರೆ ನಾವ್ ಯಾಕ್ ಬಂದ್ವಿ?’ ಅಂದಳು. ಮಿಷನ್ನಿಗೆ ಜಾಗ ಮಾಡಿಕೊಡುವುದಕ್ಕೆ ಅಂದೆ. ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ಅತ್ತಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಟೋಪಿ ಜೂನಿನಲ್ಲಿ ನನಗೆ ಹೇಳಿಕಳಿಸಿದ್ದ. ಆರು ಪೈಪು ಅಳೆಯಲು ಬೇರೆಯವರು ಸಿಗುತ್ತಿಲ್ಲವಂತೆ, ಯಾರಿಗೂ ಆ ಒಡ್ಡು ಹತ್ತಲು ಇಷ್ಟವಿಲ್ಲವಂತೆ. ಗಂಡನನ್ನು ತೆಗೆದವರು ಹೆಂಡತಿಯನ್ನು ಕರೆಯುತ್ತಾರೆ, ನಾಚಿಕೆಯಿಲ್ಲದೆ. ನಾಚಿಕೆಯಿಲ್ಲದೆ ನಾನೂ ಹೋದೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ. ಎರಡು ಬಸ್ಸು ಬದಲಾಯಿಸಿ ಹೋಗುತ್ತೇನೆ. ನಮ್ಮ ಮನೆಯಿದ್ದ ಜಾಗ ದಾಟಿಯೇ ಒಡ್ಡು ಹತ್ತಬೇಕು. ಮೊನ್ನೆ ಸೋಮವಾರ ಅಲ್ಲಿ ನೆಲ ಮತ್ತೆ ಒದ್ದೆಯಿತ್ತು. ದರ್ಜಿಯಮ್ಮನ ಬಚ್ಚಲು ಈಗ ಅಲ್ಲಿಲ್ಲ.

ನಿನ್ನ ಅಧ್ಯಕ್ಷರು ಕೆಳಗಡೆ ಯಾರಿದ್ದಾರೆ ಅಂತ ಕೇಳಿದರಂತೆ, ನಿನಗೆ ಉತ್ತರ ಗೊತ್ತಿರಲಿಲ್ಲವಂತೆ. ಬರೆದುಕೋ, ಮುಂದಿನ ಸಭೆಗೆ ಬೇಕಾಗುತ್ತದೆ. ಪಂಪ್‌ಹೌಸಿನಲ್ಲಿ ಪಾಳಿಗೆ ಇಬ್ಬರಂತೆ ಹಗಲೂ ರಾತ್ರಿ. ಸೋಮವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನಿನ್ನ ಅಕ್ಕ.